ಅರವತ್ತರ ನಂತರ ತೂಕ ಇಳಿಸುವ ಕ್ರಮ: ಶಕ್ತಿ ಮೊದಲು, ತೂಕ ಆಮೇಲೆ

ಅರವತ್ತು ದಾಟಿದವರು ತೂಕ ಇಳಿಸಲು ಹೊರಟಾಗ ಸಾಮಾನ್ಯವಾಗಿ ಮೂವತ್ತರ ವಯಸ್ಸಿನಲ್ಲಿ ಫಲ ಕೊಟ್ಟಿದ್ದ ಉಪಾಯವನ್ನೇ ಮತ್ತೆ ಹಿಡಿಯುತ್ತಾರೆ. ಊಟವನ್ನು ಅರ್ಧಕ್ಕೆ ಇಳಿಸುತ್ತಾರೆ, ಬೆಳಿಗ್ಗೆ ಸಂಜೆ ನಡೆಯುತ್ತಾರೆ, ದಿನವೂ ತೂಕದ ಯಂತ್ರದ ಮೇಲೆ ನಿಲ್ಲುತ್ತಾರೆ. ಮೊದಲ ತಿಂಗಳು ಅಂಕಿ ಇಳಿಯುತ್ತದೆ. ಆಮೇಲೆ ಮಂಡಿ ನೋವೋ, ಜ್ವರವೋ, ಮನೆಯಲ್ಲೊಬ್ಬರ ಕಾಯಿಲೆಯೋ ಬಂದು ನಡಿಗೆ ನಿಂತುಹೋಗುತ್ತದೆ. ಕೆಲವು ತಿಂಗಳಲ್ಲಿ ಹೋದ ತೂಕ ಮರಳಿ ಬರುತ್ತದೆ. ಆದರೆ ಹೋದದ್ದೂ ಬಂದದ್ದೂ ಒಂದೇ ಅಲ್ಲ. ಹೋದ ತೂಕದಲ್ಲಿ ಕೊಬ್ಬಿನ ಜೊತೆಗೆ ಸ್ನಾಯುವೂ ಇತ್ತು, ಮರಳಿ ಬಂದದ್ದರಲ್ಲಿ ಬಹುಪಾಲು ಕೊಬ್ಬು. ಹೀಗೆ ಎರಡು ಮೂರು ಸುತ್ತು ಆಗುವಷ್ಟರಲ್ಲಿ, ಯಂತ್ರ ಹಳೆಯ ಅಂಕಿಯನ್ನೇ ತೋರಿಸುತ್ತಿದ್ದರೂ, ಅದರ ಮೇಲೆ ನಿಂತ ವ್ಯಕ್ತಿ ಮೊದಲಿಗಿಂತ ದುರ್ಬಲವಾಗಿರುತ್ತಾರೆ.

ಈ ಕಾರಣದಿಂದ ಇಲ್ಲಿ ಹೇಳುವ ಕ್ರಮ ರೂಢಿಯ ಕ್ರಮಕ್ಕಿಂತ ಬೇರೆಯಾಗಿದೆ. ಮೊದಲು ಶಕ್ತಿಯನ್ನು ಕಟ್ಟಬೇಕು, ನಂತರ ಊಟವನ್ನು ತಿದ್ದಬೇಕು, ತೂಕವನ್ನು ಅವೆರಡರ ಹಿಂದೆ ಬರಲು ಬಿಡಬೇಕು. ಜೊತೆಗೆ, ಅಭ್ಯಾಸಕ್ಕೆ ಅಡ್ಡಿ ಬಂದೇ ಬರುತ್ತದೆ ಎಂದು ಆರಂಭದಲ್ಲೇ ಒಪ್ಪಿಕೊಂಡು, ಆ ವಾರಗಳಿಗೂ ಒಂದು ಯೋಜನೆಯನ್ನು ಬರೆದಿಟ್ಟುಕೊಳ್ಳಬೇಕು. ಈ ವಯಸ್ಸಿನಲ್ಲಿ ಗೆಲುವು ಸೋಲು ತೀರ್ಮಾನವಾಗುವುದು ಚೆನ್ನಾಗಿ ನಡೆದ ವಾರಗಳಲ್ಲಿ ಅಲ್ಲ, ಕೆಟ್ಟ ವಾರಗಳಲ್ಲಿ.

ದೇಹದಲ್ಲಿ ಬದಲಾಗಿರುವುದು ಏನು

ವಯಸ್ಸಾದಂತೆ ದೇಹ ಕ್ಯಾಲೊರಿಯನ್ನು ಖರ್ಚು ಮಾಡುವುದು ನಿಧಾನವಾಗುತ್ತದೆ ಎಂಬುದು ನಿಜ. ಆದರೆ ಜನ ಭಾವಿಸುವಷ್ಟು ಬೇಗನೆ ಅಲ್ಲ. 29 ದೇಶಗಳ 6,400ಕ್ಕೂ ಹೆಚ್ಚು ಜನರ ಮಾಪನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ದೇಹದ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ, 20ರಿಂದ 60ರವರೆಗೆ ಈ ಖರ್ಚು ಬಹುತೇಕ ಸ್ಥಿರವಾಗಿರುತ್ತದೆ. 60ರ ನಂತರ ವರ್ಷಕ್ಕೆ ಸುಮಾರು 0.7 ಶೇಕಡಾದಷ್ಟು ಇಳಿಯುತ್ತದೆ. ಹಾಗಾಗಿ ನಲವತ್ತು, ಐವತ್ತರಲ್ಲಿ ಸೇರಿದ ಬೊಜ್ಜಿಗೆ ವಯಸ್ಸನ್ನು ದೂರುವುದು ಅಷ್ಟು ಸರಿಯಲ್ಲ. ಕಡಿಮೆ ಓಡಾಟ, ಕಡಿಮೆ ನಿದ್ದೆ, ಕೆಲವು ಔಷಧಗಳು ಮತ್ತು ತಟ್ಟೆಯ ಪ್ರಮಾಣ ಇವೇ ಹೆಚ್ಚಿನ ಪಾಲು ಹೊರುತ್ತವೆ.

ವಯಸ್ಸು ನಿಜವಾಗಿ ಕಸಿಯುವುದು ಸ್ನಾಯುವನ್ನು. ಮೂವತ್ತು ದಾಟಿದ ನಂತರ ಪ್ರತಿ ದಶಕದಲ್ಲಿ ಸ್ನಾಯುರಾಶಿಯ 3ರಿಂದ 8 ಶೇಕಡಾ ಕಳೆದುಹೋಗುತ್ತದೆ ಎಂಬ ಅಂದಾಜಿದೆ. ಅರವತ್ತರ ನಂತರ ವೇಗ ಇನ್ನೂ ಹೆಚ್ಚುತ್ತದೆ, ಮತ್ತು ಸ್ನಾಯುವಿನ ಗಾತ್ರಕ್ಕಿಂತ ಅದರ ಬಲ ಬೇಗ ಕುಗ್ಗುತ್ತದೆ. ಈ ಸ್ಥಿತಿಗೆ ವೈದ್ಯರು ಸಾರ್ಕೊಪೀನಿಯಾ ಎನ್ನುತ್ತಾರೆ. ಹಾಸಿಗೆ ಹಿಡಿದಾಗ ಈ ನಷ್ಟ ಭಯಾನಕ ವೇಗ ಪಡೆಯುತ್ತದೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನು ಕೇವಲ 10 ದಿನ ಹಾಸಿಗೆಯಲ್ಲಿ ಇರಿಸಿದಾಗ, ಅವರು ಕಾಲುಗಳಿಂದಲೇ ಸರಾಸರಿ ಒಂದು ಕಿಲೋಗ್ರಾಂಗೆ ಹತ್ತಿರದಷ್ಟು ಕೊಬ್ಬೇತರ ಅಂಗಾಂಶವನ್ನು ಕಳೆದುಕೊಂಡರು.

ಇದರ ಇನ್ನೊಂದು ಮುಖವೂ ಇದೆ, ಅದು ಸಂತೋಷದ ಮುಖ. ಸ್ನಾಯು ಯಾವ ವಯಸ್ಸಿನಲ್ಲೂ ತರಬೇತಿಗೆ ಓಗೊಡುತ್ತದೆ. 1990ರಲ್ಲಿ ಪ್ರಕಟವಾದ ಒಂದು ಪುಟ್ಟ ಪ್ರಯೋಗದಲ್ಲಿ ವೃದ್ಧಾಶ್ರಮದ ನಿವಾಸಿಗಳು, ಸುಮಾರು ತೊಂಬತ್ತು ವರ್ಷ ವಯಸ್ಸಿನವರು, 8 ವಾರ ಕಾಲಿನ ಭಾರದ ವ್ಯಾಯಾಮ ಮಾಡಿದರು. ಅವರ ಕಾಲಿನ ಬಲ ಸರಾಸರಿ 174 ಶೇಕಡಾ ಹೆಚ್ಚಿತು. ಅದೇ ತಂಡ 1994ರಲ್ಲಿ 100 ಜನರ ಮೇಲೆ ನಡೆಸಿದ ಪ್ರಯೋಗದಲ್ಲಿ ವ್ಯಾಯಾಮ ಮಾಡಿದವರ ಬಲ ದ್ವಿಗುಣಕ್ಕೂ ಹೆಚ್ಚಾಯಿತು, ವ್ಯಾಯಾಮವಿಲ್ಲದೆ ಪೌಷ್ಟಿಕ ಪೇಯವನ್ನಷ್ಟೇ ಕುಡಿದವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಡಬ್ಬಿಯಲ್ಲಿ ಬರುವ ಪುಡಿಗಳನ್ನು ಕೊಳ್ಳುವ ಮುನ್ನ ಈ ಕೊನೆಯ ಸಂಗತಿಯನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಮೊದಲ ಹೆಜ್ಜೆ: ವೈದ್ಯರ ಬಳಿ ಕೇಳಬೇಕಾದದ್ದು

‘ನಾನು ವ್ಯಾಯಾಮ ಮಾಡಬಹುದೇ’ ಎಂದು ಕೇಳಿದರೆ ‘ಮಾಡಿ’ ಎಂಬ ಉತ್ತರ ಸಿಗುತ್ತದೆ, ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಕೇಳಬೇಕಾದ ಪ್ರಶ್ನೆಗಳು ಬಹುಮಟ್ಟಿಗೆ ಔಷಧಗಳಿಗೆ ಸಂಬಂಧಿಸಿದವು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಸಲ್ಫೋನಿಲ್‌ಯೂರಿಯಾ ಗುಂಪಿನ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡಿ ನಡಿಗೆ ಹೆಚ್ಚಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಔಷಧದ ಪ್ರಮಾಣವನ್ನು ಮೊದಲೇ ಹೊಂದಿಸಬೇಕಾಗುತ್ತದೆ. ರಕ್ತದೊತ್ತಡದ ಮಾತ್ರೆ ನುಂಗುವವರಿಗೆ ತೂಕ ಇಳಿದಂತೆ ಹಳೆಯ ಪ್ರಮಾಣ ಹೆಚ್ಚಾಗಿ, ಎದ್ದು ನಿಂತಾಗ ತಲೆ ಸುತ್ತಬಹುದು. ಬೀಟಾ ಬ್ಲಾಕರ್ ಎಂಬ, ಎದೆಬಡಿತ ತಗ್ಗಿಸುವ ಔಷಧ ತೆಗೆದುಕೊಳ್ಳುವವರ ಎದೆಬಡಿತ ಎಷ್ಟು ಶ್ರಮಪಟ್ಟರೂ ಹೆಚ್ಚು ಏರುವುದಿಲ್ಲವಾದ್ದರಿಂದ, ಕೈಗಡಿಯಾರ ತೋರಿಸುವ ಬಡಿತದ ಗುರಿಗಳು ಅವರಿಗೆ ಅನ್ವಯಿಸುವುದಿಲ್ಲ. ಸ್ಟೀರಾಯ್ಡ್, ಇನ್ಸುಲಿನ್, ಕೆಲವು ಮಾನಸಿಕ ಕಾಯಿಲೆಯ ಔಷಧಗಳು ತೂಕವನ್ನು ಏರಿಸುತ್ತವೆ. ಹಾಗಿದ್ದರೆ ಬದಲಿ ಇದೆಯೇ ಎಂದು ಕೇಳಬಹುದು, ಆದರೆ ತಾವಾಗಿ ಬಿಡಬಾರದು.

ಥೈರಾಯ್ಡ್, ರಕ್ತದ ಸಕ್ಕರೆ, ಹಿಮೋಗ್ಲೋಬಿನ್, ವಿಟಮಿನ್ ಬಿ12, ಮೂತ್ರಪಿಂಡದ ಕೆಲಸ ಇವುಗಳ ಪರೀಕ್ಷೆ ಈ ಹಂತದಲ್ಲೇ ಆಗಿಬಿಡಲಿ. ಮೂಳೆ ಸವಕಳಿ ಇದೆಯೇ ಎಂಬುದೂ ತಿಳಿದಿರಬೇಕು, ಏಕೆಂದರೆ ಬೆನ್ನುಮೂಳೆ ತೆಳ್ಳಗಾಗಿರುವವರು ಭಾರ ಹಿಡಿದು ಮುಂದಕ್ಕೆ ಆಳವಾಗಿ ಬಾಗುವುದನ್ನೂ ಸೊಂಟವನ್ನು ರಭಸದಿಂದ ತಿರುಚುವುದನ್ನೂ ಬಿಡಬೇಕು. ನಡೆಯುವಾಗ ಎದೆ ಬಿಗಿಯುವುದು, ಸಣ್ಣ ಶ್ರಮಕ್ಕೂ ಏದುಸಿರು, ಪ್ರಜ್ಞೆ ತಪ್ಪಿದಂತಾಗುವುದು, ಒಂದೇ ಕಾಲು ಊದಿಕೊಳ್ಳುವುದು ಇವುಗಳಲ್ಲಿ ಯಾವುದಾದರೂ ಇದ್ದರೆ ತಪಾಸಣೆ ಮುಗಿಯುವವರೆಗೆ ವ್ಯಾಯಾಮ ಆರಂಭಿಸಬಾರದು.

ಎರಡನೆಯ ಹೆಜ್ಜೆ: ತೂಕಕ್ಕಿಂತ ಮೊದಲು ಅಳೆಯಬೇಕಾದವು

ಒಂದು ಗಟ್ಟಿಯಾದ, ಕೈಹಿಡಿ ಇಲ್ಲದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಂಡು ಐದು ಬಾರಿ ಪೂರ್ತಿ ಎದ್ದು ಕುಳಿತುಕೊಳ್ಳಿ, ಪಕ್ಕದಲ್ಲಿ ಒಬ್ಬರಿರಲಿ. ಇದಕ್ಕೆ 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕಾಲಿನ ಬಲ ಕಡಿಮೆಯಾಗಿದೆ ಎಂದು ಯುರೋಪಿನ ತಜ್ಞರ ಮಾನದಂಡ ಪರಿಗಣಿಸುತ್ತದೆ. ಎರಡನೆಯದು ನಡಿಗೆಯ ವೇಗ: ನೆಲದ ಮೇಲೆ 4 ಮೀಟರ್ ಗುರುತು ಮಾಡಿ ಎಂದಿನ ಸಹಜ ವೇಗದಲ್ಲಿ ನಡೆದಾಗ 5 ಸೆಕೆಂಡು ಅಥವಾ ಹೆಚ್ಚು ಬೇಕಾದರೆ ಅದೂ ಎಚ್ಚರಿಕೆಯ ಸೂಚನೆ. ಮೂರನೆಯದು ಸೊಂಟದ ಸುತ್ತಳತೆ. ಉಸಿರು ಹೊರಬಿಟ್ಟ ನಂತರ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಪಟ್ಟಿ ಸುತ್ತಿ ಅಳೆಯಬೇಕು; ಅದು ಎತ್ತರದ ಅರ್ಧಕ್ಕಿಂತ ಹೆಚ್ಚಿದ್ದರೆ ಹೊಟ್ಟೆಯ ಒಳಗೆ ಕೊಬ್ಬು ಜಾಸ್ತಿ ಇದೆ ಎಂದರ್ಥ.

ಈ ಮೂರು ಅಂಕಿಗಳನ್ನು ದಿನಾಂಕದೊಂದಿಗೆ ಬರೆದಿಟ್ಟು ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ. ತೂಕವನ್ನು ವಾರಕ್ಕೆ ಒಂದೆರಡು ಸಲ ನೋಡಿದರೆ ಸಾಕು. ದಿನವೂ ನೋಡುವವರು ನೀರು, ಉಪ್ಪು, ಮಲಬದ್ಧತೆ ಇವುಗಳ ಏರಿಳಿತವನ್ನು ಕೊಬ್ಬಿನ ಏರಿಳಿತವೆಂದು ತಿಳಿದು ಮನಸ್ಸು ಕೆಡಿಸಿಕೊಳ್ಳುತ್ತಾರೆ.

ಮೂರನೆಯ ಹೆಜ್ಜೆ: ಶಕ್ತಿಯ ವ್ಯಾಯಾಮ

ಇದನ್ನು ನಡಿಗೆಗಿಂತ ಮೊದಲು ಇರಿಸಿರುವುದಕ್ಕೆ ಕಾರಣವಿದೆ. 2011ರಲ್ಲಿ ಪ್ರಕಟವಾದ ಒಂದು ವರ್ಷದ ಪ್ರಯೋಗದಲ್ಲಿ 65 ದಾಟಿದ, ಬೊಜ್ಜಿದ್ದ 107 ಜನರನ್ನು ಗುಂಪುಗಳಾಗಿ ವಿಂಗಡಿಸಲಾಗಿತ್ತು. ಊಟವನ್ನಷ್ಟೇ ಕಡಿಮೆ ಮಾಡಿದವರ ತೂಕ ಸುಮಾರು 10 ಶೇಕಡಾ ಇಳಿಯಿತು. ಊಟದ ಜೊತೆ ವ್ಯಾಯಾಮವನ್ನೂ ಮಾಡಿದವರ ತೂಕ ಸುಮಾರು 9 ಶೇಕಡಾ ಇಳಿಯಿತು. ಯಂತ್ರದ ದೃಷ್ಟಿಯಲ್ಲಿ ಇಬ್ಬರೂ ಒಂದೇ. ಆದರೆ ಮೊದಲ ಗುಂಪು ಕೊಬ್ಬೇತರ ಅಂಗಾಂಶದ 5 ಶೇಕಡಾ ಕಳೆದುಕೊಂಡರೆ ಎರಡನೆಯದು 3 ಶೇಕಡಾ ಕಳೆದುಕೊಂಡಿತು, ಸೊಂಟದ ಮೂಳೆಯ ಸಾಂದ್ರತೆಯ ನಷ್ಟವೂ ಎರಡನೆಯ ಗುಂಪಿನಲ್ಲಿ ಕಡಿಮೆಯಿತ್ತು, ದೈನಂದಿನ ಕೆಲಸಗಳ ಸಾಮರ್ಥ್ಯ ಆ ಗುಂಪಿನಲ್ಲೇ ಎಲ್ಲರಿಗಿಂತ ಹೆಚ್ಚು ಸುಧಾರಿಸಿತು.

ವಾರಕ್ಕೆ ಎರಡು ದಿನ, ನಡುವೆ ಕನಿಷ್ಠ ಒಂದು ದಿನದ ಬಿಡುವು, ಪ್ರತಿ ಸಲ ಅರ್ಧ ಗಂಟೆ: ಆರಂಭಕ್ಕೆ ಇಷ್ಟು ಸಾಕು. ಯಂತ್ರಗಳ ಅಗತ್ಯವಿಲ್ಲ. ಕುರ್ಚಿಯಿಂದ ಎದ್ದು ಕೂರುವುದು ತೊಡೆ ಮತ್ತು ಪೃಷ್ಠದ ಸ್ನಾಯುಗಳಿಗೆ. ಗೋಡೆಗೆ ಎರಡೂ ಅಂಗೈ ಊರಿ ಮೊಣಕೈ ಮಡಿಸಿ ಮುಂದೆ ಹೋಗಿ ಮತ್ತೆ ತಳ್ಳಿಕೊಂಡು ಹಿಂದೆ ಬರುವುದು ಎದೆ ಮತ್ತು ತೋಳುಗಳಿಗೆ. ಭದ್ರವಾಗಿ ಕಟ್ಟಿದ ಎಲಾಸ್ಟಿಕ್ ಪಟ್ಟಿಯನ್ನು ಹೊಟ್ಟೆಯ ಕಡೆಗೆ ಎಳೆಯುವುದು ಬೆನ್ನಿಗೆ. ಅಂಗಾತ ಮಲಗಿ ಮಂಡಿ ಮಡಿಸಿ ಸೊಂಟ ಎತ್ತುವುದು ಕೆಳಬೆನ್ನು ಮತ್ತು ಪೃಷ್ಠಕ್ಕೆ. ಮೇಜನ್ನು ಹಿಡಿದು ಹಿಮ್ಮಡಿ ಎತ್ತುವುದು ಮೀನಖಂಡಕ್ಕೆ. ಇದಕ್ಕೆ ಎರಡೂ ಕೈಯಲ್ಲಿ ಭಾರ ಹಿಡಿದು ನೆಟ್ಟಗೆ ನಡೆಯುವುದನ್ನು ಸೇರಿಸಿದರೆ ಹಿಡಿತದ ಬಲವೂ ಬರುತ್ತದೆ. ಪ್ರತಿಯೊಂದನ್ನೂ 8ರಿಂದ 12 ಸಲ ಮಾಡಿ, ಒಂದೆರಡು ನಿಮಿಷ ಸುಧಾರಿಸಿಕೊಂಡು ಇನ್ನೊಂದು ಸುತ್ತು ಮಾಡಬೇಕು. ಬಲ ಹಾಕುವಾಗ ಉಸಿರು ಬಿಡಬೇಕು, ಉಸಿರು ಕಟ್ಟಿದರೆ ರಕ್ತದೊತ್ತಡ ಥಟ್ಟನೆ ಏರುತ್ತದೆ.

ವ್ಯಾಯಾಮ ಎಷ್ಟು ಕಷ್ಟವಾಗಿರಬೇಕು ಎಂಬುದರಲ್ಲಿ ಹೆಚ್ಚಿನವರು ತಪ್ಪುತ್ತಾರೆ. ಹಿರಿಯರಿಗೆಂದು ಹೇಳಿಕೊಡುವ ಅನೇಕ ವ್ಯಾಯಾಮಗಳು ತೀರಾ ಹಗುರವಾಗಿರುತ್ತವೆ, ಸ್ನಾಯುವಿಗೆ ಕೆಲಸವೇ ಸಿಗುವುದಿಲ್ಲ. ಒಂದು ಸುತ್ತು ಮುಗಿದಾಗ ‘ಇನ್ನೂ ಎರಡು ಮೂರು ಸಲ ಆಗುತ್ತಿತ್ತು, ಅದಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ’ ಎನ್ನಿಸಬೇಕು. ಹನ್ನೆರಡು ಸಲ ಸಲೀಸಾಗಿ ಆಗತೊಡಗಿದ ದಿನ ಅದನ್ನು ಒಂದಿಷ್ಟು ಕಠಿಣಗೊಳಿಸಬೇಕು: ಎದ್ದು ಕೂರುವಾಗ ನಿಧಾನಿಸುವುದು, ಕೈಯಲ್ಲಿ ಭಾರ ಹಿಡಿಯುವುದು, ಗೋಡೆಯ ಬದಲು ಮೇಜಿನ ಅಂಚಿಗೆ ಕೈಕೊಡುವುದು. ಕುರ್ಚಿಯಿಂದ ಏಳಲೇ ಆಗದವರು ಕುರ್ಚಿಯ ಮೇಲೆ ಗಟ್ಟಿ ದಿಂಬಿಟ್ಟು ಎತ್ತರಿಸಿಕೊಂಡು ಆರಂಭಿಸಿ, ವಾರಗಳು ಕಳೆದಂತೆ ದಿಂಬನ್ನು ತೆಗೆಯಬಹುದು. ಮೊದಲ ಎರಡು ಮೂರು ಸಲ ಫಿಸಿಯೋಥೆರಪಿಸ್ಟ್ ಒಬ್ಬರ ಎದುರಿಗೆ ಮಾಡಿದರೆ ಭಂಗಿಯ ದೋಷಗಳು ಅಲ್ಲೇ ತಿದ್ದಿಹೋಗುತ್ತವೆ.

ನಾಲ್ಕನೆಯ ಹೆಜ್ಜೆ: ನಡಿಗೆ ಮತ್ತು ಸಮತೋಲನ

ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹಿರಿಯರಿಗೂ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ, ಎರಡು ಅಥವಾ ಹೆಚ್ಚು ದಿನ ಸ್ನಾಯುಬಲದ ವ್ಯಾಯಾಮ, ಮೂರು ಅಥವಾ ಹೆಚ್ಚು ದಿನ ಸಮತೋಲನಕ್ಕೆ ಒತ್ತು ಕೊಡುವ ಚಟುವಟಿಕೆ ಹೇಳಿದೆ. ಮಾತನಾಡಲು ಆಗುತ್ತದೆ ಆದರೆ ಹಾಡಲು ಆಗುವುದಿಲ್ಲ ಎನ್ನುವಷ್ಟು ವೇಗವೇ ಮಧ್ಯಮ ಶ್ರಮ. 150 ನಿಮಿಷ ಮೊದಲ ದಿನದ ಗುರಿಯಲ್ಲ. ಈಗ ದಿನಕ್ಕೆ 10 ನಿಮಿಷ ಮಾತ್ರ ನಡೆಯಲು ಸಾಧ್ಯವಿದ್ದರೆ ಅಷ್ಟನ್ನೇ ಒಂದು ವಾರ ಮಾಡಿ, ಮುಂದಿನ ವಾರ ಒಂದೆರಡು ನಿಮಿಷ ಸೇರಿಸಿ.

ದಿನಕ್ಕೆ 10,000 ಹೆಜ್ಜೆ ಎಂಬ ಪ್ರಸಿದ್ಧ ಅಂಕಿಯ ಹಿಂದೆ ವೈದ್ಯಕೀಯ ಲೆಕ್ಕಾಚಾರ ಇರಲಿಲ್ಲ. 1960ರ ದಶಕದಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಒಂದು ಉಪಕರಣದ ಹೆಸರಿನಿಂದ ಅದು ಹರಡಿತು. ಸರಾಸರಿ 72 ವರ್ಷದ ಮಹಿಳೆಯರನ್ನು ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ನಡೆದವರಿಗಿಂತ 4,400 ಹೆಜ್ಜೆ ನಡೆದವರಲ್ಲಿ ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆಯಿತ್ತು. 7,500ರ ಸುಮಾರಿಗೆ ಆ ಲಾಭ ಮಟ್ಟಸವಾಯಿತು. ಬಹಳ ಕಡಿಮೆ ನಡೆಯುವವರಿಗೆ ಮೊದಲ ಒಂದೆರಡು ಸಾವಿರ ಹೆಜ್ಜೆಗಳಲ್ಲೇ ದೊಡ್ಡ ಲಾಭವಿದೆ ಎಂದು ಇದನ್ನು ಓದಿಕೊಳ್ಳಬಹುದು.

ಸಮತೋಲನಕ್ಕೆ ಬೇರೆ ಸಮಯ ಬೇಡ. ಅಡುಗೆಕಟ್ಟೆಯನ್ನು ಬೆರಳ ತುದಿಯಿಂದ ಮುಟ್ಟಿಕೊಂಡು ಒಂಟಿಕಾಲಲ್ಲಿ ನಿಲ್ಲುವುದು, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ತುದಿ ತಾಗುವಂತೆ ನಡೆಯುವುದು, ಪಕ್ಕಕ್ಕೆ ಹೆಜ್ಜೆ ಇಡುವುದು ಇವನ್ನು ದಿನದ ಕೆಲಸಗಳ ನಡುವೆಯೇ ಸೇರಿಸಿಕೊಳ್ಳಬಹುದು.

ಐದನೆಯ ಹೆಜ್ಜೆ: ಊಟ

ಶಕ್ತಿಯ ವ್ಯಾಯಾಮ ಮೂರು ನಾಲ್ಕು ವಾರ ನೆಲೆಯೂರಿದ ಮೇಲೆ ಊಟಕ್ಕೆ ಕೈ ಹಾಕುವುದು ಲೇಸು. ಎಲ್ಲವನ್ನೂ ಒಂದೇ ಸೋಮವಾರ ಆರಂಭಿಸಿದವರು ಎಲ್ಲವನ್ನೂ ಒಂದೇ ಗುರುವಾರ ಬಿಡುವುದೂ ಉಂಟು.

ಮೊದಲು ಕಡಿಮೆ ಮಾಡುವುದಲ್ಲ, ಒಂದನ್ನು ಹೆಚ್ಚಿಸುವುದು. ವಯಸ್ಸಾದ ಸ್ನಾಯು ಪ್ರೋಟೀನಿಗೆ ಮಂದವಾಗಿ ಸ್ಪಂದಿಸುತ್ತದೆ, ಹಾಗಾಗಿ ಪ್ರತಿ ಊಟದಲ್ಲೂ ಸ್ವಲ್ಪ ದೊಡ್ಡ ಪಾಲು ಬೇಕು. ಸಾಮಾನ್ಯ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗ್ರಾಂಗೆ 0.8 ಗ್ರಾಂ ಎಂದು ಹೇಳುವುದುಂಟು. 65 ದಾಟಿದವರಿಗೆ 1ರಿಂದ 1.2 ಗ್ರಾಂ ಬೇಕೆಂದು 2013ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪೊಂದು ಸಲಹೆ ನೀಡಿತು. 65 ಕಿಲೋ ತೂಕದವರಿಗೆ ಇದು ದಿನಕ್ಕೆ 65ರಿಂದ 78 ಗ್ರಾಂ ಆಗುತ್ತದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ದೊಡ್ಡ ಲೋಟ ಹಾಲಿನಲ್ಲಿ ಸುಮಾರು 8 ಗ್ರಾಂ, ಬೇಯಿಸಿದ 100 ಗ್ರಾಂ ಬೇಳೆಕಾಳಿನಲ್ಲಿ 8ರಿಂದ 9 ಗ್ರಾಂ, ಅಷ್ಟೇ ಬೇಯಿಸಿದ ಮೀನು ಅಥವಾ ಕೋಳಿಯಲ್ಲಿ 20ರಿಂದ 30 ಗ್ರಾಂ ಇರುತ್ತದೆ. ರಾತ್ರಿಯೊಂದೇ ಹೊತ್ತು ತಿಂದು ಪೂರೈಸುವ ಬದಲು ಮೂರೂ ಹೊತ್ತಿಗೆ ಹಂಚಬೇಕು. ಹೆಚ್ಚಿನವರ ಬೆಳಗಿನ ತಿಂಡಿಯಲ್ಲಿ ಪ್ರೋಟೀನ್ ತೀರಾ ಕಡಿಮೆ ಇರುವುದರಿಂದ ಅಲ್ಲಿಂದಲೇ ತಿದ್ದುಪಡಿ ಆರಂಭಿಸಬಹುದು. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಕೂಡದು.

ಆಮೇಲೆ ಕಡಿತ. ದಿನಕ್ಕೆ 300ರಿಂದ 500 ಕ್ಯಾಲೊರಿ ಕಡಿಮೆಯಾದರೆ ವಾರಕ್ಕೆ ಸುಮಾರು ಕಾಲು ಕಿಲೋದಿಂದ ಅರ್ಧ ಕಿಲೋ ಇಳಿಯುತ್ತದೆ, ಈ ವಯಸ್ಸಿಗೆ ಅದಕ್ಕಿಂತ ವೇಗ ಬೇಡ. ಅಷ್ಟನ್ನು ಎಲ್ಲಿಂದ ತೆಗೆಯಬೇಕು ಎಂಬುದಕ್ಕೆ ಸುಲಭದ ಉತ್ತರ: ಸಕ್ಕರೆ ಹಾಕಿದ ಪಾನೀಯ, ಕರಿದ ತಿನಿಸು, ಮದ್ಯ, ಊಟದ ನಡುವೆ ಕೈಗೆ ಸಿಕ್ಕಿದ್ದು, ಮತ್ತು ಅಳತೆಯಿಲ್ಲದೆ ಸುರಿಯುವ ಎಣ್ಣೆ. ಒಂದು ದೊಡ್ಡ ಚಮಚ ಎಣ್ಣೆ ಎಂದರೆ ಸುಮಾರು 120 ಕ್ಯಾಲೊರಿ. ತಟ್ಟೆಯ ಅರ್ಧ ತರಕಾರಿ, ಕಾಲು ಭಾಗ ಪ್ರೋಟೀನ್, ಉಳಿದ ಕಾಲು ಧಾನ್ಯ ಎಂಬ ಅಂದಾಜು ತೂಕ ಹಾಕುವ ತೊಂದರೆ ತಪ್ಪಿಸುತ್ತದೆ. ಊಟವನ್ನೇ ಬಿಡುವ ಉಪವಾಸಗಳ ಬಗ್ಗೆ ಈಗ ಬಹಳ ಉತ್ಸಾಹವಿದೆ. ಮಧುಮೇಹದ ಔಷಧ ನುಂಗುವವರಿಗೆ ಅದು ಅಪಾಯ, ಉಳಿದ ಹಿರಿಯರಿಗೂ ದಿನದ ಪ್ರೋಟೀನನ್ನು ಕೆಲವೇ ಗಂಟೆಗಳಲ್ಲಿ ತುಂಬಿಸಿಕೊಳ್ಳುವುದು ಕಷ್ಟವಾದ್ದರಿಂದ ಅದನ್ನು ಮೊದಲ ಆಯ್ಕೆಯೆಂದು ಹೇಳಲಾಗದು.

ಬಾಯಾರಿಕೆಯ ಅರಿವು ವಯಸ್ಸಿನೊಂದಿಗೆ ಮಂಕಾಗುತ್ತದೆ. ವೈದ್ಯರು ನೀರಿಗೆ ಮಿತಿ ಹಾಕಿರದಿದ್ದರೆ ಬಾಯಾರಿಕೆಗೆ ಕಾಯದೆ ಹೊತ್ತು ಹೊತ್ತಿಗೆ ನೀರು ಕುಡಿಯಬೇಕು. ನಿದ್ದೆಯೂ ಊಟದ ಲೆಕ್ಕಕ್ಕೇ ಸೇರುತ್ತದೆ. 2010ರಲ್ಲಿ ಮಧ್ಯವಯಸ್ಕರ ಮೇಲೆ ನಡೆದ ಸಣ್ಣ ಪ್ರಯೋಗವೊಂದರಲ್ಲಿ ಒಂದೇ ಪ್ರಮಾಣದ ಪಥ್ಯದಲ್ಲಿದ್ದರೂ ನಿದ್ದೆಗೆ ಕಡಿಮೆ ಅವಕಾಶ ಸಿಕ್ಕಿದ ದಿನಗಳಲ್ಲಿ ಅವರು ಕಳೆದುಕೊಂಡ ಕೊಬ್ಬು ಅರ್ಧಕ್ಕೂ ಹೆಚ್ಚು ಕಡಿಮೆಯಾಗಿ, ಸ್ನಾಯುವಿನ ಕಡೆಯ ನಷ್ಟ ಹೆಚ್ಚಿತ್ತು. ಜೋರು ಗೊರಕೆ ಮತ್ತು ಹಗಲು ತೂಕಡಿಕೆ ಇರುವವರು ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಗಾಗಿ ಪರೀಕ್ಷಿಸಿಕೊಳ್ಳಬೇಕು.

ಆರನೆಯ ಹೆಜ್ಜೆ: ಅಡ್ಡಿಗಳಿಗಾಗಿ ಬರೆದಿಟ್ಟ ಯೋಜನೆ

ಅಭ್ಯಾಸ ಚೆನ್ನಾಗಿ ನಡೆಯುತ್ತಿರುವಾಗಲೇ ಒಂದು ಹಾಳೆಯಲ್ಲಿ ಕನಿಷ್ಠ ದಿನಚರಿಯನ್ನು ಬರೆದಿಡಿ. ಎಂಥ ಕೆಟ್ಟ ದಿನವಾದರೂ ಹತ್ತು ನಿಮಿಷದಲ್ಲಿ ಮುಗಿಯುವಂಥದ್ದು ಅದಾಗಿರಬೇಕು: ಹತ್ತು ಸಲ ಕುರ್ಚಿಯಿಂದ ಏಳುವುದು, ಹತ್ತು ಸಲ ಗೋಡೆ ತಳ್ಳುವುದು, ಮನೆಯೊಳಗೇ ಐದು ನಿಮಿಷ ನಡೆಯುವುದು, ಪ್ರತಿ ಊಟದಲ್ಲೂ ಒಂದು ಪ್ರೋಟೀನ್ ಪದಾರ್ಥ. ಕಷ್ಟದ ದಿನ ಬಂದಾಗ ಆಲೋಚಿಸುವ ಶಕ್ತಿ ಇರುವುದಿಲ್ಲ, ಆದ್ದರಿಂದ ಬರೆದಿಟ್ಟದ್ದೇ ಉಪಯೋಗಕ್ಕೆ ಬರುತ್ತದೆ. ಇಂಥ ವಾರಗಳಲ್ಲಿ ತೂಕ ಇಳಿಸುವ ಪ್ರಯತ್ನವನ್ನು ನಿಲ್ಲಿಸಿ, ಇರುವ ಸ್ನಾಯುವನ್ನು ಉಳಿಸಿಕೊಂಡರೆ ಸಾಕು.

ಜ್ವರ, ಎದೆಯ ಸೋಂಕು, ವಾಂತಿಭೇದಿ ಇದ್ದಾಗ ಮಾತ್ರ ಈ ಕನಿಷ್ಠ ವ್ಯಾಯಾಮವನ್ನೂ ಪೂರ್ತಿ ಬಿಡಬೇಕು. ಆದರೆ ವಿಶ್ರಾಂತಿಯೆಂದರೆ ದಿನವಿಡೀ ಮಲಗುವುದಲ್ಲ. ವೈದ್ಯರ ನಿರ್ಬಂಧವಿಲ್ಲದಿದ್ದರೆ ಊಟಕ್ಕೆ ಎದ್ದು ಕುರ್ಚಿಯಲ್ಲಿ ಕೂರುವುದು, ಗಂಟೆಗೊಮ್ಮೆ ಕೋಣೆಯಲ್ಲಿ ನಾಲ್ಕು ಹೆಜ್ಜೆ ಹಾಕುವುದು, ಮಲಗಿರುವಾಗ ಪಾದಗಳನ್ನು ಮೇಲೆ ಕೆಳಗೆ ಆಡಿಸುವುದು, ಮಂಡಿಯನ್ನು ಹಾಸಿಗೆಗೆ ಒತ್ತಿ ತೊಡೆಯನ್ನು ಬಿಗಿಹಿಡಿದು ಬಿಡುವುದು ಸಾಧ್ಯ. ಹಸಿವಿಲ್ಲದ ದಿನಗಳಲ್ಲಿ ಒಳ್ಳೆಯದಾಯಿತು, ತೂಕ ಇಳಿಯುತ್ತದೆ ಎಂದು ಸಂತೋಷಪಡುವವರಿದ್ದಾರೆ. ಆಗ ಇಳಿಯುವುದರಲ್ಲಿ ಸ್ನಾಯುವಿನ ಪಾಲು ದೊಡ್ಡದು.

ಮಂಡಿಯ ಸವೆತ ಅತಿ ಸಾಮಾನ್ಯವಾದ ಅಡ್ಡಿ. ನೋವಿದೆ ಎಂದು ನಡಿಗೆ ನಿಲ್ಲಿಸಿದರೆ ತೊಡೆಯ ಸ್ನಾಯು ಸೊರಗಿ, ಕೀಲಿನ ಮೇಲೆ ಭಾರ ಹೆಚ್ಚಿ, ನೋವು ಇನ್ನಷ್ಟು ಬೆಳೆಯುತ್ತದೆ. ಹತ್ತರಲ್ಲಿ ನಾಲ್ಕು ಅಂಕದವರೆಗಿನ ನೋವು, ಮರುದಿನದೊಳಗೆ ಎಂದಿನ ಮಟ್ಟಕ್ಕೆ ಇಳಿಯುವಂತಿದ್ದರೆ, ಸಹಿಸಬಹುದಾದ ನೋವು. ಮರುದಿನವೂ ಹೆಚ್ಚೇ ಇದ್ದರೆ ಅಥವಾ ಕೀಲು ಊದಿಕೊಂಡರೆ ಹಿಂದಿನ ಪ್ರಮಾಣ ಜಾಸ್ತಿಯಾಯಿತು ಎಂದರ್ಥ, ಆಗ ಅರ್ಧಕ್ಕೆ ಇಳಿಸಬೇಕು. ನಡಿಗೆಯ ಬದಲು ನಿಂತ ಸೈಕಲ್ ತುಳಿಯುವುದು, ಎದೆಮಟ್ಟದ ನೀರಿನಲ್ಲಿ ನಡೆಯುವುದು, ಕುಳಿತು ಕಾಲು ನೀಡುವುದು ಕೀಲಿಗೆ ಹಗುರ. ಮಂಡಿ ಸವೆದ ಹಿರಿಯರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಂಡುಕೊಂಡಂತೆ, ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಒತ್ತಡ ಸುಮಾರು ನಾಲ್ಕು ಕಿಲೋದಷ್ಟು ಇಳಿಯುತ್ತದೆ. ಹಾಗಾಗಿ ಇಲ್ಲಿ ಎರಡು ಮೂರು ಕಿಲೋ ಸಣ್ಣ ಸಾಧನೆಯಲ್ಲ.

ಕೈಗೋ ಕಾಲಿಗೋ ಪಟ್ಟಿ ಬಿದ್ದಾಗ ಇಡೀ ದೇಹಕ್ಕೆ ರಜೆ ಕೊಡಬೇಕಿಲ್ಲ. ಗಾಯವಾಗದ ಕಡೆಯ ಕೈಕಾಲಿಗೆ ಕೊಟ್ಟ ತರಬೇತಿ ನರಗಳ ಮೂಲಕ ಗಾಯಗೊಂಡ ಕಡೆಯ ಬಲವನ್ನೂ ಸ್ವಲ್ಪ ಮಟ್ಟಿಗೆ ಕಾಪಾಡುತ್ತದೆ ಎಂಬುದು ಪರೀಕ್ಷಿಸಿ ತಿಳಿದ ಸಂಗತಿ. ಮುಂದೆ ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ ಅದಕ್ಕೆ ಮುಂಚಿನ ವಾರಗಳು ತೂಕ ಇಳಿಸುವುದಕ್ಕಿಂತ ಬಲ ಕೂಡಿಸುವುದಕ್ಕೆ ಮೀಸಲಾಗಲಿ; ವೈದ್ಯರೇ ತೂಕ ಇಳಿಸಲು ಹೇಳಿದ್ದರೆ ಆ ಮಾತು ಬೇರೆ.

ಒಮ್ಮೆ ಬಿದ್ದವರಲ್ಲಿ ಮೂಳೆ ಮುರಿಯದಿದ್ದರೂ ಧೈರ್ಯ ಮುರಿಯುತ್ತದೆ, ಅವರು ಓಡಾಟ ಕಡಿಮೆ ಮಾಡುತ್ತಾರೆ, ಅದರಿಂದ ಬಲ ಕುಗ್ಗಿ ಮತ್ತೆ ಬೀಳುವ ಸಂಭವ ಹೆಚ್ಚುತ್ತದೆ. ಬಿದ್ದ ಕಾರಣ ಹುಡುಕುವುದು ಮೊದಲ ಕೆಲಸ: ಔಷಧವೇ, ಕಣ್ಣೇ, ಚಪ್ಪಲಿಯೇ, ಕತ್ತಲೆಯೇ, ಎದ್ದಾಕ್ಷಣ ಬರುವ ತಲೆಸುತ್ತೇ. ಎರಡನೆಯದು, ನೆಲದಿಂದ ಏಳುವುದನ್ನು ಯಾರಾದರೂ ಜೊತೆಗಿರುವಾಗ ಅಭ್ಯಾಸ ಮಾಡುವುದು. ಮಗ್ಗುಲಿಗೆ ಹೊರಳಿ, ಕೈಕಾಲೂರಿ ಮಂಡಿಯ ಮೇಲೆ ನಿಂತು, ಕುರ್ಚಿಯನ್ನು ಹಿಡಿದು ಒಂದು ಪಾದ ಮುಂದಿಟ್ಟು ಏಳಬೇಕು. ಏಳಬಲ್ಲೆ ಎಂಬ ಖಾತರಿ ಸಿಕ್ಕವರು ಮತ್ತೆ ಹೊರಗೆ ಹೋಗುತ್ತಾರೆ.

ಮನೆಯವರ ಆರೈಕೆಯ ಹೊಣೆ, ಅಗಲಿಕೆ, ಒಂಟಿತನ ಇವು ಲೆಕ್ಕಕ್ಕೆ ಸಿಗದ ಅಡ್ಡಿಗಳು, ಆದರೆ ಬಹುಶಃ ಮಂಡಿನೋವಿಗಿಂತ ಹೆಚ್ಚು ಜನರನ್ನು ನಿಲ್ಲಿಸುವುದು ಇವೇ. ಆಗ ದೀರ್ಘ ನಡಿಗೆಯನ್ನು ಹತ್ತು ಹತ್ತು ನಿಮಿಷದ ತುಂಡುಗಳಾಗಿ ಒಡೆಯಬಹುದು, ಜೊತೆಗೊಬ್ಬರನ್ನು ಕರೆಯಬಹುದು. ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ನಿದ್ದೆ ಹಸಿವು ಕೆಟ್ಟಿದ್ದರೆ, ಅದನ್ನು ಸೋಮಾರಿತನವೆಂದು ಬೈದುಕೊಳ್ಳದೆ ವೈದ್ಯರಿಗೆ ಹೇಳಬೇಕು. ಖಿನ್ನತೆಗೆ ಚಿಕಿತ್ಸೆ ಇದೆ.

ಮರಳುವ ದಿನದ ಲೆಕ್ಕ ಹೀಗಿರಲಿ. ಒಂದು ವಾರ ತಪ್ಪಿದ್ದರೆ ಹಳೆಯ ವ್ಯಾಯಾಮಗಳನ್ನೇ ಒಂದು ಸುತ್ತು ಕಡಿಮೆ ಮಾಡಿ. ಎರಡು ಮೂರು ವಾರ ತಪ್ಪಿದ್ದರೆ ಭಾರವನ್ನೂ ಸಮಯವನ್ನೂ ಅರ್ಧಕ್ಕೆ ಇಳಿಸಿ, ಎರಡು ವಾರದಲ್ಲಿ ಹಿಂದಿನ ಮಟ್ಟಕ್ಕೆ ಬನ್ನಿ. ತಿಂಗಳು ಮೀರಿದ್ದರೆ ಅಥವಾ ಆಸ್ಪತ್ರೆಗೆ ಸೇರಿದ್ದರೆ ಕುರ್ಚಿಯ ಪರೀಕ್ಷೆಯನ್ನು ಮತ್ತೆ ಮಾಡಿ ಮೊದಲ ಮೆಟ್ಟಿಲಿನಿಂದ ಹತ್ತಬೇಕು. ಹಿಂದೆ ತರಬೇತಿ ಪಡೆದ ಸ್ನಾಯು ಎರಡನೆಯ ಸಲ ಹೆಚ್ಚು ಬೇಗ ಬಲಗೊಳ್ಳುತ್ತದೆ, ಹಾಗಾಗಿ ಕಳೆದ ಶ್ರಮವೆಲ್ಲ ವ್ಯರ್ಥವಾಯಿತೆಂದು ಭಾವಿಸಲು ಕಾರಣವಿಲ್ಲ. ತಪ್ಪಿಹೋದ ದಿನಗಳನ್ನು ಒಂದೇ ವಾರದಲ್ಲಿ ತೀರಿಸಲು ಹೋಗುವುದು ಮಾತ್ರ ಹೊಸ ಗಾಯಕ್ಕೆ ನೇರ ದಾರಿ.

ಏಳನೆಯ ಹೆಜ್ಜೆ: ತೂಕ ನಿಂತಾಗ, ಮತ್ತು ನಿಲ್ಲಿಸಬೇಕಾದಾಗ

ಕೆಲವು ತಿಂಗಳ ನಂತರ ತೂಕ ಒಂದೇ ಕಡೆ ನಿಲ್ಲುವುದು ಸಹಜ. ಹಗುರವಾದ ದೇಹ ಕಡಿಮೆ ಕ್ಯಾಲೊರಿಯಲ್ಲೇ ನಡೆಯುತ್ತದೆ, ಹಿಂದೆ ಕಡಿತವಾಗಿದ್ದ ಊಟ ಈಗ ಸರಿಸಮವಾಗಿರುತ್ತದೆ. ನಾಲ್ಕು ವಾರದ ಸರಾಸರಿ ನೋಡಿ. ತೂಕ ನಿಂತಿದ್ದರೂ ಸೊಂಟದ ಸುತ್ತಳತೆ ಇಳಿಯುತ್ತಿದ್ದರೆ ಏನನ್ನೂ ಬದಲಿಸಬೇಡಿ. ಎರಡೂ ನಿಂತಿದ್ದರೆ ಎಣ್ಣೆ ಮತ್ತು ನಡುವಿನ ತಿನಿಸಿನ ಅಳತೆಯನ್ನು ಒಂದು ವಾರ ಬರೆದುನೋಡಿ, ಹೆಚ್ಚಿನ ಸಲ ಉತ್ತರ ಅಲ್ಲೇ ಸಿಗುತ್ತದೆ. ತೂಕ ಇಳಿಸುವ ಚುಚ್ಚುಮದ್ದುಗಳನ್ನು ವೈದ್ಯರು ಸೂಚಿಸಿದ್ದರೂ ಶಕ್ತಿಯ ವ್ಯಾಯಾಮ ಮತ್ತು ಪ್ರೋಟೀನಿನ ಮಾತು ಬದಲಾಗುವುದಿಲ್ಲ, ಏಕೆಂದರೆ ಅವುಗಳಿಂದ ಇಳಿಯುವ ತೂಕದಲ್ಲೂ ಸ್ನಾಯುವಿನ ಪಾಲಿದೆ.

ಆರಂಭದ ತೂಕದ 5ರಿಂದ 10 ಶೇಕಡಾ ಇಳಿದರೆ ರಕ್ತದೊತ್ತಡ, ಸಕ್ಕರೆ, ಮಂಡಿ ಇವುಗಳಲ್ಲಿ ಗುಣ ಕಾಣಲು ಸಾಕು. 80 ಕಿಲೋ ಇದ್ದವರಿಗೆ ಅದು 4ರಿಂದ 8 ಕಿಲೋ. ಅಲ್ಲಿಗೆ ತಲುಪಿದ ಮೇಲೆ ಕಡಿತವನ್ನು ನಿಲ್ಲಿಸಿ, ಕನಿಷ್ಠ ಮೂರು ತಿಂಗಳು ಅದೇ ತೂಕವನ್ನು ಕಾಯ್ದುಕೊಳ್ಳುವುದನ್ನು ಕಲಿಯಬೇಕು. ಯೌವನದ ತೂಕಕ್ಕೆ ಮರಳಬೇಕೆಂಬ ಹಟ ಹಿರಿಯರಿಗೆ ಹೊಂದುವುದಿಲ್ಲ. ಎಪ್ಪತ್ತು ದಾಟಿದವರಲ್ಲಿ ತೆಳ್ಳಗಿರುವುದಕ್ಕೆ ತನ್ನದೇ ಅಪಾಯಗಳಿವೆ. ಕುರ್ಚಿಯಿಂದ ಏಳುವ ಸಮಯ ಹೆಚ್ಚಾಗತೊಡಗಿದರೆ ತೂಕ ಎಷ್ಟೇ ಇರಲಿ, ಕಡಿತವನ್ನು ಅಂದೇ ಬಿಟ್ಟು ಊಟವನ್ನು ಹಿಂದಿನ ಪ್ರಮಾಣಕ್ಕೆ ತರಬೇಕು. ಇನ್ನು, ಯಾವ ಪ್ರಯತ್ನವೂ ಇಲ್ಲದೆ ಆರರಿಂದ ಹನ್ನೆರಡು ತಿಂಗಳಲ್ಲಿ ತೂಕದ 5 ಶೇಕಡಾಕ್ಕಿಂತ ಹೆಚ್ಚು ಇಳಿದಿದ್ದರೆ ಅಥವಾ ಕಡಿತ ನಿಲ್ಲಿಸಿದ ಮೇಲೂ ತೂಕ ಇಳಿಯುತ್ತಲೇ ಇದ್ದರೆ, ಬರೆದಿಟ್ಟ ಅಂಕಿಗಳ ಹಾಳೆಯನ್ನು ತೆಗೆದುಕೊಂಡು ತಡಮಾಡದೆ ವೈದ್ಯರನ್ನು ಕಾಣಬೇಕು.